ಬಡಾವಣೆಯ ಕಲಾಸಂಜೆಗೆ ತಾಳಮದ್ದಳೆ ಬೇಡವಂತೆ: ಕಾಸರಗೋಡಿನವರು ಏನು ಹೇಳುತ್ತೀರಿ?

ನುಳ್ಳಿಪ್ಪಾಡಿ ನಿವಾಸಿ
ನಮ್ಮ ಬಡಾವಣೆಯ ನಿವಾಸಿಗಳ ಸಂಘ ದೀಪಾವಳಿ ಕಳೆದ ಮೇಲೆ ಪ್ರತಿವರ್ಷ ಒಂದು ಕಲಾಸಂಜೆ ನಡೆಸುತ್ತದೆ. ಕಾಸರಗೋಡು ಪೇಟೆಯ ಉಳಿದ ಬಡಾವಣೆಗಳ ಹಾಗೆ ನಮ್ಮಲ್ಲೂ ಒಂದು ಮನೆಯಲ್ಲಿ ಕನ್ನಡ, ಪಕ್ಕದಲ್ಲಿ ಮಲಯಾಳ, ಎದುರಿಗೆ ಕೊಂಕಣಿ, ತಿರುವಿನಲ್ಲಿ ತುಳು, ಬ್ಯಾರಿ. ಮೊದಲೆಲ್ಲ ಮಕ್ಕಳ ಹಾಡು, ನೃತ್ಯ ಮುಗಿದ ಮೇಲೆ ಎರಡು ಗಂಟೆಯ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕುಳಿತು ಹಾಡು, ಮಾತಿನಲ್ಲೇ ಕಥೆ ನಡೆಸುವ ಯಕ್ಷಗಾನ ಕೂಟ, ಇರುತ್ತಿತ್ತು. ಅರ್ಥ (ಪಾತ್ರಗಳ ಮಾತು) ಹೇಳುವವರೂ ಬಡಾವಣೆಯವರೇ: ಬ್ಯಾಂಕಿನಿಂದ ನಿವೃತ್ತರಾದವರು, ಜವಳಿ ಅಂಗಡಿಯವರು, ಒಬ್ಬರು ವಕೀಲರು. ಕಳೆದ ವರ್ಷ ಅದನ್ನು ಕೈಬಿಟ್ಟು ಹೊರಗಿನಿಂದ ಗಾನಮೇಳ (ವಾದ್ಯಗಳೊಂದಿಗೆ ಹಾಡುವ ತಂಡ) ತರಿಸಿದರು. ಈ ಸಲ ಸಭೆಯಲ್ಲಿ ನಾನು ಮತ್ತೆ ತಾಳಮದ್ದಳೆಯ ಮಾತೆತ್ತಿದಾಗ, "ಅರ್ಧಕ್ಕರ್ಧ ಜನಕ್ಕೆ ಕನ್ನಡ ತಿಳಿಯುವುದಿಲ್ಲ, ಎದ್ದು ಹೋಗುತ್ತಾರೆ" ಎಂದು ಎರಡೇ ಮಾತಿನಲ್ಲಿ ಮುಗಿಸಿಬಿಟ್ಟರು. ಹಾಗೆ ಹೇಳಿದವರಲ್ಲಿ ಕನ್ನಡದವರೇ ಹೆಚ್ಚು. ಅದೇ ನನಗೆ ನುಂಗಲಾರದ ತುತ್ತಾಗಿದೆ.

ನಿಮ್ಮ ಬಡಾವಣೆಗಳಲ್ಲಿ ಇದನ್ನು ಹೇಗೆ ನಿಭಾಯಿಸುತ್ತೀರಿ? ಯಾರೊಡನೆಯೂ ಜಗಳ ಬೇಕಾಗಿಲ್ಲ. ಮುಂದಿನ ಸಭೆಗೆ ನಾಲ್ಕು ಗಟ್ಟಿ ವಿಚಾರ ಇಟ್ಟುಕೊಂಡು ಹೋಗಬೇಕು.

ಕೂಟಪ್ರಿಯ
ಕುಂಬಳೆ ಸೀಮೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದ್ಯಗಳು ಹುಟ್ಟಿದ ನೆಲದಲ್ಲಿ ತಾಳಮದ್ದಳೆಗೆ ಜನರಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಅರ್ಥ ಹೇಳುವುದರಲ್ಲಿ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಈ ಜಿಲ್ಲೆಯವರೇ. ಅವರ ವಾಲಿಯನ್ನು, ರಾವಣನನ್ನು ಕೇಳಲು ಎಲ್ಲಿಂದೆಲ್ಲಿಂದಲೋ ಬಸ್ಸು ಹಿಡಿದು ಬರುತ್ತಿದ್ದರು. ಬಂದವರೆಲ್ಲ ಪಂಡಿತರೇ? ಬೀಡಿ ಕಟ್ಟುವವರು, ಅಡಿಕೆ ಸುಲಿಯುವವರು, ಹೋಟೆಲಿನಲ್ಲಿ ದುಡಿಯುವವರು. ಮಾತಿನ ಸೊಗಸು ಅವರಿಗೆ ತಿಳಿಯುತ್ತಿತ್ತು.

ಮಧುವಾಹಿನಿ
ಆ ಕಾಲದವರಿಗೆ ಟಿ.ವಿ., ಮೊಬೈಲ್ ಇರಲಿಲ್ಲ. ಹೋಲಿಕೆ ಸರಿಯಲ್ಲ.

ಕೂಟಪ್ರಿಯ
ಅದೇ ಮೊಬೈಲಿನಲ್ಲಿ ಈಗ ಮೂರು ಗಂಟೆಯ ಕೂಟವನ್ನು ಜನ ಇಡಿಯಾಗಿ ಕೇಳುತ್ತಾರೆ. ತೋಟದಲ್ಲಿ ಕೆಲಸ ಮಾಡುತ್ತಾ ಕೇಳುತ್ತಾರೆ, ಮಂಗಳೂರಿಗೆ ಕಾರು ಓಡಿಸುತ್ತಾ ಕೇಳುತ್ತಾರೆ. ಕೇಳುವ ಕಿವಿ ಇದೆ. ಬಡಾವಣೆಯ ಅಂಗಳಕ್ಕೆ ಅದನ್ನು ಕರೆತರುವುದು ಹೇಗೆ ಎಂದು ಯೋಚಿಸಿ.

ಬೀರಂತಬೈಲು ಯುವಕ
ಗಾನಮೇಳವನ್ನು ಯಾಕೆ ಇಷ್ಟು ಕೀಳಾಗಿ ಕಾಣುತ್ತೀರಿ? ವಾರವಿಡೀ ಕೆಲಸ ಮಾಡಿ ಬಂದವರಿಗೆ ಒಂದು ಸಂಜೆ ಹಾಡು ಕೇಳಿ ಕುಣಿಯಬೇಕು ಎನಿಸುವುದು ತಪ್ಪೇ? ನಮ್ಮಲ್ಲಿ ಗಾನಮೇಳ ಬಂದ ವರ್ಷ ಮನೆಯಿಂದ ಹೊರಗೆ ಬಾರದವರೂ ಬಂದರು. ಹಳೆಯ ಮಲಯಾಳ ಹಾಡು, ಕನ್ನಡ ಹಾಡು, ಹಿಂದಿ ಎಲ್ಲ ಇತ್ತು. ಎಲ್ಲರಿಗೂ ಪಾಲು ಸಿಕ್ಕಿತು.

ಲೆಕ್ಕಪುಸ್ತಕ
ತಮ್ಮಾ, ಯಾರೂ ಕೀಳಾಗಿ ಕಾಣುತ್ತಿಲ್ಲ. ನಾನು ನಮ್ಮ ಸಂಘದ ಖಜಾಂಚಿ, ಹಣದ ಕಡೆಯಿಂದ ಹೇಳುತ್ತೇನೆ. ಗಾನಮೇಳ ಎಂದರೆ ದೊಡ್ಡ ವೇದಿಕೆ, ದೀಪದ ವ್ಯವಸ್ಥೆ, ಜನರೇಟರ್, ತಂಡದ ಸಂಭಾವನೆ, ಊಟ. ಅಷ್ಟಕ್ಕೆ ಮನೆಮನೆಯ ವಂತಿಗೆ ಸಾಲುವುದಿಲ್ಲ. ಅಂಗಡಿಗಳಿಗೆ ಕೈಚಾಚಬೇಕು, ಜಾಹೀರಾತು ಹಾಕಬೇಕು, ಕೊನೆಗೆ ವೇದಿಕೆಯ ಮೇಲೆ ಪ್ರಾಯೋಜಕರ ಭಾಷಣ ಕೇಳಬೇಕು. ಮಕ್ಕಳ ಕಾರ್ಯಕ್ರಮವನ್ನು ಅವಸರದಲ್ಲಿ ಮುಗಿಸಿ ತಂಡಕ್ಕೆ ವೇದಿಕೆ ಬಿಟ್ಟುಕೊಡಬೇಕು, ಏಕೆಂದರೆ ಅವರು ಗಂಟೆಯ ಲೆಕ್ಕದಲ್ಲಿ ಬಂದಿರುತ್ತಾರೆ. ಬಡಾವಣೆಯವರ ಕಲಾಸಂಜೆಯಲ್ಲಿ ಬಡಾವಣೆಯವರು ಬರೀ ಕುರ್ಚಿ ತುಂಬುವವರಾಗುತ್ತಾರೆ. ನನ್ನ ತಕರಾರು ಇಷ್ಟೇ.

ತಾಳಮದ್ದಳೆಗೆ ವೇಷವಿಲ್ಲ, ಬಣ್ಣವಿಲ್ಲ, ಬಣ್ಣ ಹಚ್ಚುವ ಚೌಕಿ ಬೇಡ, ರಂಗಸಜ್ಜಿಕೆ ಬೇಡ. ಒಂದು ದೀಪ, ಒಂದು ಜಮಖಾನೆ, ಪದ್ಯ ಹಾಡುವ ಭಾಗವತರು, ಚೆಂಡೆ, ಮದ್ದಳೆ. ಎರಡೂ ಬದಿಯಲ್ಲಿ ಅರ್ಥಧಾರಿಗಳು ಕುಳಿತರೆ ಆಯಿತು.

ಬೀರಂತಬೈಲು ಯುವಕ
ಖರ್ಚು ಕಡಿಮೆ ಎಂಬ ಕಾರಣಕ್ಕೆ ಜನ ಬರುವುದಿಲ್ಲ, ಅಣ್ಣ.

ಧ್ವನಿವರ್ಧಕ
ನನ್ನ ಕಸುಬೇ ಮೈಕ್ ಸೆಟ್ಟು, ಹಾಗಾಗಿ ಎರಡೂ ಬಗೆಯ ಕಾರ್ಯಕ್ರಮ ನೋಡಿದ್ದೇನೆ. ತಾಳಮದ್ದಳೆಯಿಂದ ಜನ ಎದ್ದು ಹೋಗುವುದಕ್ಕೆ ಭಾಷೆಗಿಂತ ದೊಡ್ಡ ಕಾರಣ, ಮಾತು ಕಿವಿಗೆ ಸರಿಯಾಗಿ ಬೀಳದಿರುವುದು. ಗಾನಮೇಳಕ್ಕೆ ಕಟ್ಟಿದ ಸೆಟ್ಟನ್ನೇ ಕೂಟಕ್ಕೂ ಇಡುತ್ತಾರೆ. ಚೆಂಡೆ ಮೊದಲೇ ಜೋರಿನ ವಾದ್ಯ. ಅದಕ್ಕೂ ಎದುರಿಗೇ ಒಂದು ಮೈಕ್ ಇಟ್ಟರೆ ಪದ್ಯದ ಅಕ್ಷರ ಮುಳುಗಿಹೋಗುತ್ತದೆ. ಅರ್ಥ ಹೇಳುವಾಗ ತಗ್ಗಿಸಬೇಕಾದ ಪ್ರತಿಧ್ವನಿಯನ್ನು ಯಾರೂ ತಗ್ಗಿಸುವುದಿಲ್ಲ. ಎದುರಿನ ಮನೆಯ ಗೋಡೆಗೆ ಬಡಿದು ಒಂದೊಂದು ಮಾತೂ ಎರಡೆರಡು ಸಲ ಕೇಳಿಸುತ್ತದೆ. ಕನ್ನಡ ಪಂಡಿತರೇ ಕುಳಿತರೂ ಹತ್ತು ನಿಮಿಷದಲ್ಲಿ ತಲೆ ಚಿಟ್ಟು ಹಿಡಿಯುತ್ತದೆ.

ನಾನು ಮಾಡುವುದು ಹೀಗೆ: ಚೆಂಡೆಗೆ ಮೈಕ್ ಇಡುವುದಿಲ್ಲ. ಭಾಗವತರಿಗೆ ಒಂದು, ಮದ್ದಳೆಗೆ ತಗ್ಗಿಸಿದ ಒಂದು, ಅರ್ಥಧಾರಿಗಳಿಗೆ ಒಬ್ಬೊಬ್ಬರಿಗೆ ಒಂದು. ದೊಡ್ಡ ಪೆಟ್ಟಿಗೆಗಳನ್ನು ವೇದಿಕೆಯ ಮುಂದೆ ಪೇರಿಸುವ ಬದಲು ಚಿಕ್ಕ ಪೆಟ್ಟಿಗೆಗಳನ್ನು ಕುರ್ಚಿಗಳ ನಡುವೆ ಅಲ್ಲಲ್ಲಿ ಇಡುತ್ತೇನೆ. ಹಿಂದಿನ ಸಾಲಿಗೂ ಮಾತು ಮುಟ್ಟುತ್ತದೆ, ಅಕ್ಕಪಕ್ಕದ ಮನೆಗೂ ತೊಂದರೆಯಿಲ್ಲ.

ಅಣಂಗೂರು ಅಕ್ಕ
ಇದನ್ನು ಎಲ್ಲ ಸಂಘದವರೂ ಓದಬೇಕು. ಸಮಯದ ನಿಯಮವನ್ನೂ ಸ್ವಲ್ಪ ತಿಳಿಸಿ. ನಮ್ಮಲ್ಲಿ ಪ್ರತಿ ಸಲ ಅದೇ ಜಗಳ.

ಧ್ವನಿವರ್ಧಕ
2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆಂದು ವರ್ಷದಲ್ಲಿ ಒಟ್ಟು 15 ದಿನ ಮೀರದಂತೆ 12ರ ವರೆಗೆ ಸಡಿಲಿಸಲು ಸರಕಾರಕ್ಕೆ ಅವಕಾಶವಿದೆ, ಆದರೆ ಬಡಾವಣೆಯ ಕಾರ್ಯಕ್ರಮ ಅದನ್ನು ನೆಚ್ಚಿಕೊಳ್ಳುವುದು ಬೇಡ. ವಸತಿ ಪ್ರದೇಶದಲ್ಲಿ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಪೊಲೀಸ್ ಠಾಣೆಯ ಅನುಮತಿಗೆ ಕೊನೆಯ ಗಳಿಗೆಯಲ್ಲಿ ಓಡಬೇಡಿ. ಸಂಜೆ ಆರಕ್ಕೆ ಶುರು ಮಾಡಿ ಒಂಬತ್ತೂವರೆಗೆ ಮಂಗಳ ಹಾಡಿದರೆ ಯಾರ ತಕರಾರೂ ಬರುವುದಿಲ್ಲ.

ಕೂಟಪ್ರಿಯ
ಇಡೀ ರಾತ್ರಿಯ ಯಕ್ಷಗಾನ ಆಟ ನೋಡಿ ಬೆಳೆದವರಿಗೆ ಒಂಬತ್ತೂವರೆಗೆ ಮಂಗಳ ಎಂದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೂ ಒಪ್ಪುತ್ತೇನೆ.

ಪಯ್ಯನ್ನೂರು ಮೂಲ
ನಾನು ಮಲಯಾಳದವನು, ಕೆಲಸದ ನಿಮಿತ್ತ ಕಾಸರಗೋಡಿಗೆ ಬಂದು ಇಲ್ಲಿಯೇ ನೆಲೆಸಿದೆ. ಕನ್ನಡ ಓದಲು, ಬರೆಯಲು ಕಲಿತದ್ದು ಇಲ್ಲಿಯೇ. ನನ್ನಂಥವರಿಗೆ ಅರ್ಥವಾಗುವುದಿಲ್ಲ ಎಂದು ನಮ್ಮನ್ನು ಕೇಳದೆಯೇ ತೀರ್ಮಾನಿಸುವುದು ಬೇಸರದ ಸಂಗತಿ.

ಮೊದಲ ಸಲ ತಾಳಮದ್ದಳೆಗೆ ಹೋದಾಗ ನನಗೆ ಕನ್ನಡ ಅಷ್ಟಕ್ಕಷ್ಟೆ. ಪ್ರಸಂಗ ವಾಲಿಯದು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಿನಗೂ ನನಗೂ ಏನು ಹಗೆ, ಮರೆಯಲ್ಲಿ ನಿಂತು ಹೊಡೆಯುವುದು ಯಾವ ಧರ್ಮ? ಅರ್ಥ ಹೇಳುತ್ತಿದ್ದವರು ಬಿಳಿ ಶಾಲು ಹೊದ್ದು ಸುಮ್ಮನೆ ಕುಳಿತಿದ್ದರು. ಕೈ ಕೂಡ ಹೆಚ್ಚು ಎತ್ತಲಿಲ್ಲ. ದನಿ ಮಾತ್ರ ಇಳಿಯುತ್ತಾ ಬಂತು. ಎದುರಿಗೆ ರಾಮನಾಗಿ ಕುಳಿತವರು ತಕ್ಷಣ ಉತ್ತರ ಕೊಡದೆ, ಕೊರಳು ಸರಿಪಡಿಸಿಕೊಂಡು, ಸ್ವಲ್ಪ ಹೊತ್ತು ತಡೆದು ಮಾತು ಶುರು ಮಾಡಿದರು. ಕಥೆ ಗೊತ್ತಿದ್ದುದರಿಂದ ಪದ ತಪ್ಪಿದರೂ ವಾದ ತಪ್ಪಲಿಲ್ಲ. ನಮ್ಮ ಮನೆಯಲ್ಲಿ ಮಳೆಗಾಲದ ಕರ್ಕಾಟಕ ಮಾಸವಿಡೀ ಎಳುತ್ತಚ್ಛನ್ ಕವಿಯ ಮಲಯಾಳ ರಾಮಾಯಣ ಓದುತ್ತಾರೆ. ವಾಲಿ, ತಾರೆ, ಅಂಗದ, ಇವರನ್ನೆಲ್ಲ ನಮಗೆ ಯಾರೂ ಪರಿಚಯಿಸಬೇಕಾಗಿಲ್ಲ.

ಆದ್ದರಿಂದ ನನ್ನ ಸಲಹೆ: ಕರ್ಕಾಟಕದಲ್ಲಿ, ಅಂದರೆ ನಿಮ್ಮ ಆಟಿಯಲ್ಲಿ, ಒಂದು ಸಂಜೆ ಸಭಾಭವನದೊಳಗೆ ಚಿಕ್ಕ ಕೂಟ ಇಟ್ಟುಕೊಳ್ಳಿ. ರಾಮಾಯಣದ ಪ್ರಸಂಗವನ್ನೇ ಆರಿಸಿ. ಮೊದಲಿಗೆ ಮಲಯಾಳದಲ್ಲಿ ಒಂದು ಪುಟದ ಕಥಾಸಾರ ಹಂಚಿ. ಬೇಕಾದರೆ ನಾನು ಬರೆದುಕೊಡುತ್ತೇನೆ.

ಗಡಿನಾಡ ಕನ್ನಡಿಗ
ಮೇಲಿನವರ ಅಭಿಮಾನಕ್ಕೆ ನಮಸ್ಕಾರ. ಆದರೆ ಕನ್ನಡದ ಕಾರ್ಯಕ್ರಮಕ್ಕೂ ಮಲಯಾಳದ ಊರುಗೋಲು ಬೇಕೇ? 1956ರ ನವೆಂಬರ್ 1ರಂದು ನಮ್ಮನ್ನು ಕೇರಳಕ್ಕೆ ಸೇರಿಸಿದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿದ್ದು ಕಡತದಲ್ಲೇ ಉಳಿಯಿತು. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ಬೀದಿಗಿಳಿದೆವು. ಕಚೇರಿಯಲ್ಲಿ ಹೋಯಿತು, ನಾಮಫಲಕದಲ್ಲಿ ಹೋಯಿತು, ಈಗ ವೇದಿಕೆಯಲ್ಲೂ ನಾವೇ ಬಿಟ್ಟುಕೊಡಬೇಕೇ? ನಾಳೆ ಕಥಾಸಾರ, ನಾಡಿದ್ದು ನಿರೂಪಣೆ, ಆಮೇಲೆ ಅರ್ಥವೂ ಮಲಯಾಳದಲ್ಲೇ ಎನ್ನುತ್ತಾರೆ.

ಅಣಂಗೂರು ಅಕ್ಕ
ಕಚೇರಿಯ ಹೋರಾಟ ಬೇರೆ, ನೆರೆಮನೆಯವರನ್ನು ಕರೆಯುವುದು ಬೇರೆ. ಕಾನೂನಿನ ಜಗಳದಲ್ಲಿ ನಾನು ನಿಮ್ಮ ಪಕ್ಕದಲ್ಲೇ ನಿಲ್ಲುತ್ತೇನೆ. ಆದರೆ ನಮ್ಮ ಮನೆಯ ಮದುವೆಗೆ ಹೆಗಲು ಕೊಟ್ಟವರು ಆಚೆಮನೆಯ ಮಲಯಾಳದವರು. ಅವರ ಕೈಗೆ ಒಂದು ಪುಟದ ಕಥಾಸಾರ ಕೊಟ್ಟರೆ ಕನ್ನಡಕ್ಕೆ ಏನು ಕಡಿಮೆಯಾಗುತ್ತದೆ? ಖಾಲಿ ಕುರ್ಚಿಗಳ ಮುಂದೆ ಶುದ್ಧ ಕನ್ನಡದಲ್ಲಿ ಮಾತನಾಡುವುದರಿಂದ ಯಾವ ಕನ್ನಡ ಉಳಿಯುತ್ತದೆ?

ಗಡಿನಾಡ ಕನ್ನಡಿಗ
ಅಕ್ಕ, ಕುರ್ಚಿ ಖಾಲಿಯಾದದ್ದು ಕನ್ನಡದ ಮನೆಗಳವರು ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸಿದ್ದರಿಂದ. ಮೊದಲು ಆ ಮಾತು ಆಡಿ.

ಅಣಂಗೂರು ಅಕ್ಕ
ಆಡೋಣ. ಅದಕ್ಕೇ ಮಕ್ಕಳು ವೇದಿಕೆ ಹತ್ತಬೇಕು ಎನ್ನುತ್ತಿದ್ದೇನೆ.

ವಿದ್ಯಾನಗರದ ಟೀಚರ್
ಮಕ್ಕಳ ವಿಷಯ ಬಂತಲ್ಲ, ಶಾಲೆಯಲ್ಲಿ ನೋಡಿದ್ದನ್ನು ಹೇಳುತ್ತೇನೆ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಕನ್ನಡ ಪದ್ಯವಾಚನ, ಭಾಷಣವೂ ಇವೆ. 2019ರಲ್ಲಿ 60ನೆಯ ರಾಜ್ಯ ಕಲೋತ್ಸವ ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲೇ ನಡೆಯಿತು. ಕನ್ನಡ ಅಕ್ಷರ ಬಾರದ ಮಕ್ಕಳು ಮಾತುಗಳನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಂಡು ಕಂಠಪಾಠ ಮಾಡುತ್ತಾರೆ. ಮೊದಮೊದಲು ಉಚ್ಚಾರ ಎಡವುತ್ತದೆ. ಗುರುಗಳು ತಿದ್ದಿ ತಿದ್ದಿ, ಸ್ಪರ್ಧೆಯ ಹೊತ್ತಿಗೆ ಚೆಂಡೆಯ ಪೆಟ್ಟಿಗೆ ಸರಿಯಾಗಿ ಮಾತು ಎತ್ತುತ್ತಾರೆ.

ನನ್ನ ನೋವು ಆಮೇಲಿನದು. ಬಹುಮಾನ ಬಂದ ಮರುದಿನ ಎಲ್ಲವೂ ಮುಗಿಯಿತು. ತಿಂಗಳುಗಟ್ಟಲೆ ಕಲಿತ ಹೆಜ್ಜೆಗೆ ಇನ್ನೊಂದು ವೇದಿಕೆಯಿಲ್ಲ. ಬಾಡಿಗೆಯ ವೇಷ ಹಿಂದಕ್ಕೆ ಹೋಗುತ್ತದೆ, ಮಕ್ಕಳು ಪರೀಕ್ಷೆಗೆ ಹೋಗುತ್ತಾರೆ, ಅಲ್ಲಿಗೆ ಕಥೆ ಕೊನೆ. ನಿಮ್ಮ ಬಡಾವಣೆಯಲ್ಲಿ ಅಂಥ ಮಕ್ಕಳು ಖಂಡಿತ ಇದ್ದಾರೆ. ಅವರಿಗೆ ಅರ್ಧ ಗಂಟೆ ಕೊಡಿ. ಮಗಳು ಅರ್ಥ ಹೇಳುತ್ತಾಳೆ ಎಂದರೆ ಅಪ್ಪ, ಅಮ್ಮ, ಅಜ್ಜಿ, ಪಕ್ಕದ ಮನೆಯವರು ಎಲ್ಲ ಬಂದೇ ಬರುತ್ತಾರೆ. ಯಾರೂ ನಡುವೆ ಎದ್ದು ಹೋಗುವುದಿಲ್ಲ.

ಮದ್ದಳೆ ಕಲಿಯುವವಳು
ಟೀಚರ್ ಹೇಳಿದ್ದು ನೂರಕ್ಕೆ ನೂರು ನಿಜ. ಕಲೋತ್ಸವ ಮುಗಿದ ಮೇಲೂ ಬಿಡದೆ ಮದ್ದಳೆ ಮುಂದುವರಿಸಿದವಳು ನಾನು. ನುಡಿಸಲು ಕರೆಯುವವರೇ ಕಡಿಮೆ. ಹುಡುಗಿ ಎಂದು ಇನ್ನೂ ಹಿಂದೇಟು ಹಾಕುತ್ತಾರೆ.

ಅಣಂಗೂರು ಅಕ್ಕ
ತಂಗೀ, ನಮ್ಮ ಮಹಿಳೆಯರ ಕೂಟಕ್ಕೆ ಬಾ. ಮೊದಲು ಕೂಟ ಎಂದರೆ ನಮಗೆ ಅಡುಗೆಮನೆಯ ಕೆಲಸ, ಅವಲಕ್ಕಿ, ಚಹಾ. ಒಳಗಿನಿಂದಲೇ ಪದ್ಯ ಕೇಳಬೇಕಿತ್ತು. ಈಗ ನಾವೇ ಅರ್ಥ ಹೇಳುತ್ತೇವೆ. ಮೊನ್ನೆ ನಾನು ಅಂಗದ ಸಂಧಾನದಲ್ಲಿ ರಾವಣ. ಎದುರಿನ ಅಂಗದ ಮಹಿಳೆಯರ ಸ್ವಸಹಾಯದ ಕುಟುಂಬಶ್ರೀ ಘಟಕದಲ್ಲಿ ನನ್ನ ಜೊತೆ ಲೆಕ್ಕ ಬರೆಯುವವಳು. ಮಲಯಾಳ ಮನೆಮಾತಿನವಳು, ಕನ್ನಡದಲ್ಲಿ ನನ್ನನ್ನು ಒಂದು ಹೆಜ್ಜೆ ಹಿಂದೆ ಸರಿಯುವಂತೆ ಮಾಡಿದಳು!

ಗಡಿನಾಡ ಕನ್ನಡಿಗ
ಇದು ಕೇಳಲು ಸಂತೋಷ. ಹೀಗೆ ಅವರು ಕನ್ನಡಕ್ಕೆ ಬಂದರೆ ನನ್ನದೇನೂ ಆಕ್ಷೇಪವಿಲ್ಲ. ಕರಪತ್ರದಲ್ಲಿ ಮಾತ್ರ ಕನ್ನಡ ಮೇಲಿರಲಿ.

ಬೆಂಗಳೂರಿನ ಕಾಸರಗೋಡಿಗ
ಓದುತ್ತಾ ಊರೇ ಕಣ್ಣ ಮುಂದೆ ಬಂತು. 2025ರಲ್ಲಿ ಮಧೂರು ದೇವಸ್ಥಾನದ ಬ್ರಹ್ಮಕಲಶ, ಮೂಡಪ್ಪ ಸೇವೆಗೆ ರಜೆ ಹಾಕಿ ಬಂದಿದ್ದೆ. 1992ರ ಮೂಡಪ್ಪ ಸೇವೆ ನೋಡಿದ್ದ ಅಮ್ಮ ಆ ಸಲದ ಕಥೆ ಹೇಳುತ್ತಲೇ ಇದ್ದರು. ಅಂದ ಹಾಗೆ, ಹಳೆಯ ಬಸ್ ನಿಲ್ದಾಣದ ಹತ್ತಿರ ಗೋಳಿಬಜೆ ಸಿಗುತ್ತಿದ್ದ ಹೋಟೆಲು ಈಗಲೂ ಇದೆಯೇ?

ಮಧುವಾಹಿನಿ
ಯಾವುದು? ಅಲ್ಲಿ ಗೋಳಿಬಜೆಯ ಹೋಟೆಲು ಒಂದೇ ಅಲ್ಲ. ತೆಂಗಿನಕಾಯಿ ಚಟ್ನಿ ಗಟ್ಟಿಯಾಗಿ ಕೊಡುತ್ತಿದ್ದದ್ದೇ?

ಬೆಂಗಳೂರಿನ ಕಾಸರಗೋಡಿಗ
ಅದೇ!

ಲೆಕ್ಕಪುಸ್ತಕ
ಗೋಳಿಬಜೆಯ ಚರ್ಚೆ ಬೇರೆ ಕಡೆ ಮಾಡೋಣ. ಆದರೆ ಕಾರ್ಯಕ್ರಮದಲ್ಲಿ ಬಿಸಿ ತಿಂಡಿ ಇರಲೇಬೇಕು. ನಡುವೆ ಹದಿನೈದು ನಿಮಿಷದ ಬಿಡುವಿನಲ್ಲಿ ಜನ ಪರಸ್ಪರ ಮಾತನಾಡುತ್ತಾರೆ, ಮುಂದಿನ ವರ್ಷದ ವಂತಿಗೆಯ ಮಾತು ಅಲ್ಲಿಯೇ ಆಗಿಬಿಡುತ್ತದೆ.

ತಳಂಗರೆ ಹುಡುಗ
ನಾನು ಬ್ಯಾರಿ ಮಾತನಾಡುವವನು. ಇಲ್ಲಿ ಕನ್ನಡ, ಮಲಯಾಳ ಎಂದು ಎರಡೇ ಬಣದಲ್ಲಿ ಮಾತು ನಡೆಯುತ್ತಿದೆ. ಸಪ್ತಭಾಷಾ ಸಂಗಮಭೂಮಿ ಎಂದು ಪ್ರತಿ ಭಾಷಣದಲ್ಲಿ ಹೇಳುತ್ತೇವೆ, ಕಾರ್ಯಕ್ರಮದ ಪಟ್ಟಿಯಲ್ಲಿ ಮಾತ್ರ ಅದು ಕಾಣುವುದಿಲ್ಲ. ನಮ್ಮ ಹುಡುಗರು ಕೋಲ್ಕಳಿ (ಕೋಲಾಟ), ದಫ್ (ಕೈವಾದ್ಯದ ಕುಣಿತ) ಎಷ್ಟು ಚೆನ್ನಾಗಿ ಆಡುತ್ತಾರೆ! ಹೆಣ್ಣುಮಕ್ಕಳ ಒಪ್ಪನ ಹಾಡು-ಕುಣಿತ ಇದೆ. ಬಡಾವಣೆಯ ವೇದಿಕೆಗೆ ಯಾರಾದರೂ ಬಂದು ಕರೆದರೆ ಬರಲಿಕ್ಕಿಲ್ಲವೇ?

ತಾಳಮದ್ದಳೆ ನಮ್ಮದಲ್ಲ ಎಂದೂ ಯಾರೂ ಅಂದುಕೊಳ್ಳಬೇಡಿ. ಜಬ್ಬಾರ್ ಸಮೋ ಸಂಪಾಜೆ ಅವರ ಅರ್ಥ ಕೇಳಿದ್ದೀರಲ್ಲ? ಶೇಣಿಯವರ ಮುಸ್ಲಿಂ ವರ್ತಕ ಬಪ್ಪ ಬ್ಯಾರಿಯ ಪಾತ್ರದ ಬಗ್ಗೆ ನಮ್ಮ ಅಜ್ಜ ಈಗಲೂ ಹೇಳುತ್ತಾರೆ. ಅಂಥ ಪ್ರಸಂಗ ಇಟ್ಟರೆ ನಮ್ಮ ಕಡೆಯಿಂದ ಒಂದು ಸಾಲು ಕುರ್ಚಿ ತುಂಬಿಸುವ ಹೊಣೆ ನನ್ನದು.

ಕೂಟಪ್ರಿಯ
ನಿಮ್ಮ ಅಜ್ಜನಿಗೆ ನನ್ನ ನಮಸ್ಕಾರ ತಿಳಿಸಿ. ಬಪ್ಪನಾಡು ಕ್ಷೇತ್ರದ ಆ ಪ್ರಸಂಗ ನೋಡಿದವರು ಸಿಕ್ಕರೆ ಮಾತು ಮುಗಿಯುವುದೇ ಇಲ್ಲ.

ಮಧುವಾಹಿನಿ
ತುಳುವನ್ನೂ ಮರೆಯಬೇಡಿ. ತುಳು ಪ್ರಸಂಗಗಳಿಗೆ ಈಗಲೂ ಜನ ಸೇರುತ್ತಾರೆ. ಅವಳಿ ವೀರರಾದ ಕೋಟಿ ಚೆನ್ನಯರ ಕಥೆ ಎಂದರೆ ಸಾಕು.

ಬೀರಂತಬೈಲು ಯುವಕ
ಯಕ್ಷಗಾನ ಬೊಂಬೆಯಾಟವನ್ನು ಯಾಕೆ ಯಾರೂ ಹೇಳಲಿಲ್ಲ? ನಮ್ಮ ಊರಿನದೇ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ ಇದೆ. ಶಾಲೆಯಲ್ಲಿ ನೋಡಿದ್ದು ಇನ್ನೂ ನೆನಪಿದೆ. ಕಿರೀಟ, ಭುಜಕೀರ್ತಿ ಎಲ್ಲ ವೇಷದವರದ್ದೇ ಹಾಗೆ, ಗೊಂಬೆ ಗಿರ್ರನೆ ಸುತ್ತಿ ದಿಗಿಣ ಹಾಕುವಾಗ ಮಕ್ಕಳೆಲ್ಲ ಎದ್ದು ನಿಂತಿದ್ದರು. ಅದಕ್ಕೆ ಭಾಷೆ ಅಡ್ಡ ಬರಲಿಲ್ಲ. ಗಾನಮೇಳದ ಹಣದಲ್ಲಿ ಒಂದು ವರ್ಷ ಅದನ್ನು ಕರೆಸಿದರೆ ನಾನೂ ಕೈ ಎತ್ತುತ್ತೇನೆ.

ಲೆಕ್ಕಪುಸ್ತಕ
ಈಗ ಮಾತು ದಾರಿಗೆ ಬಂತು, ತಮ್ಮಾ.

ಬೀರಂತಬೈಲು ಯುವಕ
ಆದರೆ ಕೊನೆಗೆ ಅರ್ಧ ಗಂಟೆ ನಮ್ಮವರೇ ಹಾಡುವ ಹಾಡು ಇರಬೇಕು. ಬಡಾವಣೆಯಲ್ಲೇ ಕೀಬೋರ್ಡ್ ನುಡಿಸುವವರು, ತಬಲ ನುಡಿಸುವವರು ಇದ್ದಾರೆ. ಅದನ್ನು ಬಿಟ್ಟುಕೊಡುವುದಿಲ್ಲ.

ಪಯ್ಯನ್ನೂರು ಮೂಲ
ಜಾಗದ ವಿಷಯ. ಬಡಾವಣೆಯ ಹತ್ತಿರ ಗ್ರಂಥಾಲಯ ಇದ್ದರೆ ಅಲ್ಲಿ ಕೇಳಿ. ಲೈಬ್ರರಿ ಕೌನ್ಸಿಲಿಗೆ ಸೇರಿದ ಗ್ರಂಥಾಲಯಗಳಲ್ಲಿ ಮಕ್ಕಳ ಬಾಲವೇದಿ, ಮಹಿಳೆಯರ ವನಿತಾವೇದಿ ಇರುತ್ತವೆ. ವರ್ಷವಿಡೀ ಅವರಿಗೂ ಕಾರ್ಯಕ್ರಮ ಬೇಕು. ಮಕ್ಕಳ ಅಭ್ಯಾಸಕ್ಕೆ ಭಾನುವಾರ ಒಂದು ಕೋಣೆ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ವಿದ್ಯಾನಗರದ ಟೀಚರ್
ಒಳ್ಳೆಯ ಮಾತು. ಕಲಾಸಂಜೆ ಒಂದು ದಿನದ್ದು, ಮಕ್ಕಳಿಗೆ ಬೇಕಾದದ್ದು ಆ ಭಾನುವಾರಗಳು.

ಗಡಿನಾಡ ಕನ್ನಡಿಗ
ಒಂದು ಉಪಯೋಗದ ಮಾಹಿತಿ. ಮೈಕಿನ ಅನುಮತಿಯ ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಂತೆ ಭಾಷಾ ಅಲ್ಪಸಂಖ್ಯಾತ ಪ್ರದೇಶದಲ್ಲಿರುವ ಸರಕಾರಿ ಕಚೇರಿಗಳೊಡನೆ ಕನ್ನಡದವರು ಕನ್ನಡದಲ್ಲಿ ಪತ್ರವ್ಯವಹಾರ ಮಾಡಬಹುದು. ಹಕ್ಕು ಇದ್ದೂ ಬಳಸದಿದ್ದರೆ ಅದು ತಾನಾಗಿ ಸವೆಯುತ್ತದೆ.

ಧ್ವನಿವರ್ಧಕ
ಬರೆಯಿರಿ, ಆದರೆ ದಿನಾಂಕ, ಸಮಯ, ಜಾಗ ಸ್ಪಷ್ಟವಾಗಿರಲಿ.

ನುಳ್ಳಿಪ್ಪಾಡಿ ನಿವಾಸಿ
ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಒಂದೊಂದನ್ನೂ ಬರೆದಿಟ್ಟುಕೊಂಡೆ. ನೆರೆಮನೆಯ ಮಲಯಾಳದವರನ್ನು ನಿನ್ನೆ ಸಂಜೆ ನೇರವಾಗಿ ಕೇಳಿದೆ. "ನೀವೇ ನಿಲ್ಲಿಸಿದಿರಿ, ನಾವು ಬೇಡ ಎನ್ನಲಿಲ್ಲವಲ್ಲ" ಎಂದರು. ಈ ಒಂದು ಮಾತನ್ನೇ ಸಭೆಯಲ್ಲಿ ಮೊದಲು ಹೇಳುತ್ತೇನೆ.

ಸಭೆಯ ಮುಂದೆ ಇಡುವುದು ಹೀಗೆ: ಆಟಿಯಲ್ಲಿ ಒಳಾಂಗಣದಲ್ಲಿ ಒಂದೂವರೆ ಗಂಟೆಯ ವಾಲಿಯ ಪ್ರಸಂಗ, ಮಲಯಾಳ ಕಥಾಸಾರದೊಂದಿಗೆ. ದೀಪಾವಳಿಯ ನಂತರದ ಕಲಾಸಂಜೆಯಲ್ಲಿ ಮಕ್ಕಳ ಕೂಟ, ಕೋಲ್ಕಳಿ, ಕೊನೆಗೆ ಬಡಾವಣೆಯವರದ್ದೇ ಹಾಡು. ಬೊಂಬೆಯಾಟ ಮುಂದಿನ ವರ್ಷಕ್ಕೆ. ಕರಪತ್ರ ಎರಡೂ ಭಾಷೆಯಲ್ಲಿ, ಕನ್ನಡ ಮೇಲೆ.

ಈಗ ಬಾಕಿ ಉಳಿದದ್ದು ಮದ್ದಳೆಗಾರರು. ನಮ್ಮಲ್ಲಿ ನುಡಿಸುತ್ತಿದ್ದ ಹಿರಿಯರಿಗೆ ಕೈನೋವು, ಈ ವರ್ಷ ಆಗುವುದಿಲ್ಲ ಎಂದಿದ್ದಾರೆ.

ಮದ್ದಳೆ ಕಲಿಯುವವಳು
ನಾನು ಬರುತ್ತೇನೆ. ಭಾಗವತರು ಯಾರೆಂದು ತಿಳಿಸಿ, ಶ್ರುತಿ ಕೇಳಿಕೊಂಡು ಎರಡು ಸಲವಾದರೂ ಜೊತೆಗೆ ಕುಳಿತು ಅಭ್ಯಾಸ ಮಾಡಬೇಕು. ಮಳೆಗಾಲದಲ್ಲಿ ಮದ್ದಳೆಯ ಚರ್ಮ ತೇವ ಹಿಡಿದು ಶ್ರುತಿ ಇಳಿಯುತ್ತದೆ. ಸಭಾಭವನದಲ್ಲಿ ವಾದ್ಯ ಇಡಲು ಗಾಳಿಯಾಡುವ ಒಣ ಜಾಗ ಬೇಕು.

ಕೂಟಪ್ರಿಯ
ವಾಲಿಯ ಅರ್ಥಕ್ಕೆ ಜನ ಬೇಕಿದ್ದರೆ ಹೇಳಿ. ಸಂಭಾವನೆ ಬೇಡ, ಬಸ್ ನಿಲ್ದಾಣದಿಂದ ಯಾರಾದರೂ ಕರೆದುಕೊಂಡು ಹೋದರೆ ಸಾಕು.

ಧ್ವನಿವರ್ಧಕ
ಸಭಾಭವನ ನಿಗದಿಯಾದ ಕೂಡಲೇ ತಿಳಿಸಿ. ಭಾನುವಾರ ಬೆಳಿಗ್ಗೆ ಬಂದು ಒಳಗೆ ದನಿ ಹೇಗೆ ಮರುಕಳಿಸುತ್ತದೆ ಎಂದು ನೋಡುತ್ತೇನೆ. ಗೋಡೆಗೆ ಒಂದೆರಡು ದಪ್ಪ ಪರದೆ ಕಟ್ಟಬೇಕಾದೀತು, ಅದನ್ನು ನಾನೇ ತರುತ್ತೇನೆ.